ಒಂದೇ ತಟ್ಟೆಗೆ ಬಿದ್ದ ಎರಡು ಮುಡಿಪು

ಕಳೆದ ವರ್ಷ ನವೆಂಬರ್ ಹದಿನೈದು, ಶನಿವಾರ. ವೃಶ್ಚಿಕ ಸಂಕ್ರಮಣದ ಹಿಂದಿನ ದಿನ. ಆಧಾರ: ನಮ್ಮ ಮನೆಯ ಗೋಡೆಯ ಪಂಚಾಂಗ ಮತ್ತು ಮರುದಿನ ಪುತ್ತೂರಿನ ಆಸ್ಪತ್ರೆಯಲ್ಲಿ ಕೊಟ್ಟ ಚೀಟಿ. ದೇವಸ್ಥಾನದ ಭಜನೆಯ ದಿನ ಇದೇ ಸಂಗತಿಯನ್ನು ಹೇಳುವಾಗ ಎಲ್ಲವೂ ಸಂಕ್ರಮಣದಂದೇ ನಡೆಯಿತೆಂದು ಹೇಳಿಬಿಟ್ಟಿದ್ದೆ. ಅದು ತಪ್ಪು. ಬಾಯಿಮಾತಿನಲ್ಲಿ ತಿಥಿವಾರಗಳು ಅಲಂಕಾರವಾಗಿಬಿಡುತ್ತವೆ. ಸಹಭಕ್ತರ ಮುಂದೆ ಲಿಖಿತವಾಗಿ ಇಡುವಾಗ ಹಾಗಾಗಬಾರದು.

ನಾನು ಸಸ್ಯರೋಗಗಳ ಸಂಶೋಧನೆಯಲ್ಲಿದ್ದು ನಿವೃತ್ತನಾದವನು, ವಾಸ ನರಿಮೊಗರಿನಲ್ಲಿ. ತಂಗಿ ಸುಮತಿ ಕಾಣಿಯೂರಿನಲ್ಲಿದ್ದಾಳೆ. ಅವಳ ಗಂಡ ಬೈಕಿನಿಂದ ಬಿದ್ದು, ತಲೆಗೆ ಪೆಟ್ಟಾಗಿ, ಮಂಗಳೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆ ಮರಳದೆ ತೀರಿಕೊಂಡರು. ಒಬ್ಬಳೇ ಮಗಳು ಧನ್ಯಾ ಪುತ್ತೂರಿನಲ್ಲಿ ಪದವಿ ಓದುತ್ತಾ, ತಾಯಿಗೆ ಹೇಳದೆ ಕಾಲೇಜಿನ ಬಾಕ್ಸಿಂಗ್ ತಂಡಕ್ಕೆ ಸೇರಿದಳು. ವಿಷಯ ತಿಳಿದ ದಿನ ಸುಮತಿ ಊಟ ಬಿಟ್ಟಳು. ಸೋದರಮಾವನ ಮಾತೇ ಕಡೆಯ ಮಾತೆಂಬುದು ನಮ್ಮ ಕುಟುಂಬದ ಕ್ರಮ. ನಾನು ಆಡಲಿ ಎಂದೆ.

ಪುತ್ತೂರಿನಲ್ಲಿ ಜಿಲ್ಲಾ ಮಟ್ಟದ ಪಂದ್ಯಾವಳಿ ನಿಗದಿಯಾಯಿತು. ಧನ್ಯಾಳ ತೂಕದ ವಿಭಾಗದಲ್ಲಿ ಇನ್ನೂ ಮೂವರಿದ್ದರು. ಅವಳು ಅಲ್ಲಿಯವರೆಗೆ ಒಂದೂ ಪಂದ್ಯ ಆಡಿರಲಿಲ್ಲ. ಉಳಿದ ಮೂವರ ಹಿಂದಿನ ಫಲಿತಾಂಶಗಳನ್ನು ಪತ್ರಿಕೆಗಳಿಂದ ಸಂಗ್ರಹಿಸಿ, ಒಂದಕ್ಕೊಂದು ತಾಳೆ ನೋಡಿ, ಇವಳಿಗೆ ಅವಕಾಶವೇ ಇಲ್ಲವೆಂಬ ತೀರ್ಮಾನಕ್ಕೆ ಬಂದೆ. ಅದನ್ನು ಅವಳಿಗೂ ಹೇಳಿದೆ.

“ಲೆಕ್ಕ ನೀವು ಇಟ್ಕೊಳ್ಳಿ ಮಾಮ, ಗ್ಲೌಸ್ ನಾನು ಹಾಕ್ತೇನೆ” ಎಂದಳು. (ಮನೆಯ ಮಾತುಗಳೆಲ್ಲ ತುಳುವಿನವು, ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ.)

ಮೊದಲ ಎದುರಾಳಿ ಸುಳ್ಯದ ಹುಡುಗಿ, ಹಲವು ಪದಕಗಳ ಒಡತಿ. ಹೊಸಬಳನ್ನು ಅವಳೆದುರು ಏಕೆ ಇಳಿಸುತ್ತೀರಿ ಎಂದು ಕಾಲೇಜಿನ ದೈಹಿಕ ಶಿಕ್ಷಕರನ್ನು ಕೇಳಿದೆ. “ಒಂದು ಅನುಭವ ಆಗ್ಲಿ ಸರ್” ಎಂದು ನಕ್ಕರು. ಪೆಟ್ಟು ತಿನ್ನುವ ಅನುಭವಕ್ಕೆ ಪಂದ್ಯಾವಳಿ ಬೇಕೇ ಎಂಬ ಪ್ರಶ್ನೆ ನನ್ನ ನಾಲಗೆಯ ತುದಿಯಲ್ಲಿಯೇ ಉಳಿಯಿತು.

ಶನಿವಾರ ಬೆಳಿಗ್ಗೆ ಧನ್ಯಾಳನ್ನು ಕರೆದುಕೊಂಡು ಹೋಗಲು ಕಾಣಿಯೂರಿಗೆ ಹೋದೆ. ನಮ್ಮ ಗ್ರಾಮದ ಸುಬ್ರಹ್ಮಣ್ಯ ದೇವರನ್ನು ನೆನೆದು, ಅವಳು ಒಂದೇ ಒಂದು ಪಂದ್ಯವನ್ನಾದರೂ ಗೆಲ್ಲಲಿ ಎಂದು ನಾಣ್ಯವನ್ನು ಅರಸಿನದ ಬಟ್ಟೆಯಲ್ಲಿ ಕಟ್ಟಿ ಮುಡಿಪು ಮಾಡಿದೆ. ಹರಕೆ ಫಲಿಸಿದ ಮೇಲೆ ಅದು ದೇವಸ್ಥಾನಕ್ಕೆ ಸೇರಬೇಕು. ದೇವರ ಕೋಣೆಯಲ್ಲಿ ಇಡಲು ಹೋದರೆ ದೀಪದ ಬಳಿ ಆಗಲೇ ಇನ್ನೊಂದು ಗಂಟು ಇತ್ತು.

“ಇದು ಯಾರದ್ದು?”

“ನಂದೇ ಅಣ್ಣ.”

“ಎಂತ ಹೇಳಿಕೊಂಡೆ?”

ಸುಮತಿ ಬತ್ತಿ ಸರಿಮಾಡುತ್ತಾ ಹೇಳಿದಳು: “ಇವತ್ತಿಂದು ಆದ ಮೇಲೆ ಅವಳು ಆ ಹಗ್ಗದ ಒಳಗೆ ಕಾಲಿಡ್ಲಿಕ್ಕೆ ಆಗ್ಬಾರ್ದು ಅಂತ. ಸೋತಾದ್ರೂ ಸರಿ, ಮತ್ತೆ ಹೇಗಾದ್ರೂ ಸರಿ.”

“ನಾನು ಗೆಲ್ಲಲಿ ಅಂತ ಹೇಳಿಕೊಂಡಿದ್ದೇನೆ.”

“ನಿಮ್ಗೆ ಎಂತ ಅಣ್ಣ, ತಲೆ ಅವಳದ್ದಲ್ವಾ.”

ನನ್ನ ಗಂಟನ್ನು ಅವಳ ಗಂಟಿನ ಪಕ್ಕದಲ್ಲಿಯೇ ಇಟ್ಟೆ. ತಾನು ಪಂದ್ಯಕ್ಕೆ ಬರುವುದಿಲ್ಲ, ಮುಗಿಯುವವರೆಗೆ ದೇವಸ್ಥಾನದಲ್ಲಿ ಕುಳಿತಿರುತ್ತೇನೆ ಎಂದಳು. ಧನ್ಯಾ ಅಂಗಳದಿಂದಲೇ “ಹೋಗಿ ಬರ್ತೇನೆ” ಎಂದಳು. ಬಸ್ಸಿನಲ್ಲಿ ಪರಿಚಯದ ಕಂಡಕ್ಟರ್ “ಎಂತ ಧನ್ಯಾ, ಟಿಕೆಟ್ ಕೇಳಿದ್ರೆ ಗುದ್ದುದಿಲ್ಲ ಅಲ್ವಾ?” ಎಂದು ಕೀಟಲೆ ಮಾಡಿದ. ಅವಳು ನಗಲಿಲ್ಲ.

ಪಂದ್ಯ ಮಧ್ಯಾಹ್ನದ ನಂತರ. ಮೊದಲ ಸುತ್ತು ನನ್ನ ಲೆಕ್ಕದಂತೆಯೇ ನಡೆಯಿತು: ಆ ಹುಡುಗಿ ಹೊಡೆದಳು, ಇವಳು ತಿಂದಳು. ನನ್ನ ಹಿಂದೆ ಕುಳಿತವರೊಬ್ಬರು “ಇದನ್ನು ಯಾರು ಮಾರಾಯ್ರೆ ಕಳಿಸಿದ್ದು, ಮನೆಯಲ್ಲಿ ಹಿರಿಯರು ಇಲ್ವಾ?” ಎಂದರು. ಇದ್ದಾರೆ ಎಂದು ತಿರುಗಿ ಹೇಳುವ ಧೈರ್ಯ ನನಗಾಗಲಿಲ್ಲ. ಎರಡನೆಯ ಸುತ್ತಿನ ಕೊನೆಯಲ್ಲಿ ಮೊದಲ ಬಾರಿಗೆ ಧನ್ಯಾಳ ಎಡಗೈ ಎದುರಾಳಿಗೆ ತಗಲಿತು. ಅವಳು ಎಡಚಿ. ಎಡಗೈಯಲ್ಲಿ ತೀರ್ಥಕ್ಕೆ ಕೈಯೊಡ್ಡಿದಳೆಂದು ಚಿಕ್ಕಂದಿನಲ್ಲಿ ಎಷ್ಟು ಸಲ ಬೈಸಿಕೊಂಡಿದ್ದಾಳೋ! ನಾನು ಸಂಗ್ರಹಿಸಿದ ಫಲಿತಾಂಶಗಳಲ್ಲಿ ಎಡಗೈಯವರ ಎದುರು ಆಡಿದ ಪಂದ್ಯ ಒಂದೂ ಇರಲಿಲ್ಲ. ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಮೂರನೆಯ ಸುತ್ತಿನಲ್ಲಿ ಆ ಕೈ ಮತ್ತೆ ಮತ್ತೆ ದಾರಿ ಕಂಡುಕೊಂಡಿತು. ಬಹುಮತದ ತೀರ್ಪಿನಲ್ಲಿ ರೆಫರಿ ಧನ್ಯಾಳ ಕೈ ಎತ್ತಿದರು.

ಸೋತ ಹುಡುಗಿ ಹತ್ತಿರ ಬಂದು, “ಭಾರಿ ಗಟ್ಟಿ ಉಂಟು ಮಾರಾಯ್ತಿ ನಿನ್ನ ಕೈ. ನಾಳೆ ಫೈನಲ್ ಗೆಲ್ಲದಿದ್ರೆ ನಾನೇ ಬಂದು ಹೊಡೀತೇನೆ” ಎಂದಳು. ಆಗ ಧನ್ಯಾ ನಕ್ಕಳು. ನಾನು ಹೊರಗೆ ಬಂದು ಸುಮತಿಗೆ ಫೋನು ಮಾಡಿ ಗೆದ್ದಳೆಂದೆ. ಅವಳ ಕಡೆಯಿಂದ ಗಂಟೆಯ ಶಬ್ದ ಕೇಳಿಸಿತು. ಪೂಜೆಯ ಹೊತ್ತಿರಬೇಕೆಂದು ಫೋನಿಟ್ಟೆ.

ಮರುದಿನ ಬೆಳಿಗ್ಗೆ, ಅಂದರೆ ಸಂಕ್ರಮಣದಂದು, ಫೈನಲ್‌ಗೆ ಮೊದಲು ವೈದ್ಯಕೀಯ ತಪಾಸಣೆ. ಹಿಂದಿನ ದಿನವೂ ಅದೇ ವೈದ್ಯರು ನೋಡಿ ಒಪ್ಪಿಗೆ ಕೊಟ್ಟಿದ್ದರು. ಈ ಸಲ ಟಾರ್ಚ್ ಹಿಡಿದು ಕಣ್ಣು ನೋಡಿದವರು ಇನ್ನೊಮ್ಮೆ ನೋಡಿದರು. ಒಂದು ಕಣ್ಣಿನ ರೆಪ್ಪೆ ತುಸು ಜೋತಿತ್ತು, ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು. ತಲೆನೋವು ಉಂಟೇ ಎಂದು ಕೇಳಿದರು. ಇಲ್ಲವೆಂದಳು. ಮತ್ತೆ ಕೇಳಿದರು. ಆಗ ಅಳು ಬಂತು. ಅಲ್ಲಿಂದ ಪುತ್ತೂರಿನ ಆಸ್ಪತ್ರೆ, ಸ್ಕ್ಯಾನ್, ಆಂಬ್ಯುಲೆನ್ಸಿನಲ್ಲಿ ಮಂಗಳೂರು. ಮಿದುಳಿನ ಒಂದು ರಕ್ತನಾಳದ ಗೋಡೆ ತೆಳುವಾಗಿ ಗುಳ್ಳೆಯಂತೆ ಉಬ್ಬಿತ್ತು. ಇದು ಹೊಡೆತದಿಂದ ಬಂದದ್ದಲ್ಲ, ಮೊದಲೇ ಇದ್ದದ್ದು ಎಂದು ಶಸ್ತ್ರವೈದ್ಯರು ಬಿಡಿಸಿ ಹೇಳಿದರು. ಒಡೆದಿದ್ದರೆ ಉಳಿಸುವುದು ಕಷ್ಟವಿತ್ತು. ಶನಿವಾರ ಸೋತು ಮನೆಗೆ ಹೋಗಿದ್ದರೆ ಭಾನುವಾರ ಅವಳ ಕಣ್ಣಿಗೆ ಟಾರ್ಚ್ ಹಿಡಿಯುವವರು ಯಾರೂ ಇರುತ್ತಿರಲಿಲ್ಲ. ಶಸ್ತ್ರಚಿಕಿತ್ಸೆ ಸಫಲವಾಯಿತು. ಇನ್ನೆಂದಿಗೂ ರಿಂಗಿಗೆ ಇಳಿಯುವಂತಿಲ್ಲ ಎಂದೂ ಬರೆದುಕೊಟ್ಟರು.

ನಾನು ಕೇಳಿದ್ದು ಒಂದು ಗೆಲುವು, ಸಿಕ್ಕಿತು. ಸುಮತಿ ಕೇಳಿದ್ದು ಅವಳು ಮತ್ತೆ ಹಗ್ಗದೊಳಗೆ ಕಾಲಿಡದಿರಲಿ ಎಂದು, ಅದೂ ಸಿಕ್ಕಿತು. ದೇವರು ಇಬ್ಬರ ಮಾತನ್ನೂ ಅಕ್ಷರಶಃ ನಡೆಸಿಕೊಟ್ಟ. ಬೆಲೆ ತೆತ್ತದ್ದು ನಾವಿಬ್ಬರೂ ಅಲ್ಲ.

ಅವಳು ಓಡಾಡುವಂತಾದ ಮೇಲೆ ಮೂವರೂ ದೇವಸ್ಥಾನಕ್ಕೆ ಹೋದೆವು. ಅರ್ಚಕರು ಎರಡೂ ಮುಡಿಪುಗಳನ್ನು ಒಂದೇ ತಟ್ಟೆಗೆ ಹಾಕಿಸಿಕೊಂಡು, “ಎರಡೂ ಈ ಹುಡುಗಿಯ ಬಗ್ಗೆಯಾ? ದೇವರು ದೊಡ್ಡವ” ಎಂದರು. ಧನ್ಯಾ ಬೋಳಿಸಿದ ತಲೆಗೆ ಶಾಲು ಹೊದ್ದು ನಿಂತಿದ್ದಳು.

“ನಂದೂ ಒಂದು ಇತ್ತು ಭಟ್ರೇ. ಆಗ್ಲಿಲ್ಲ. ಹಾಗಾಗಿ ಕೊಡ್ಲಿಕ್ಕೆ ಎಂತ ಇಲ್ಲ.”

“ಎಂತ ಹೇಳಿಕೊಂಡದ್ದು ಮಗಾ?”

“ನಾನು ಆಡುದನ್ನು ಅಮ್ಮ ಒಮ್ಮೆ ನೋಡ್ಬೇಕು ಅಂತ.”

ಸುಮತಿ ತಟ್ಟೆಯನ್ನೇ ನೋಡುತ್ತಿದ್ದಳು. ಅರ್ಚಕರು ತೀರ್ಥ ಕೊಟ್ಟರು. ಧನ್ಯಾ ಎಡಗೈ ಚಾಚಿದಳು. ಈ ಸಲ ಯಾರೂ ಬೈಯಲಿಲ್ಲ.

ಪ್ರಾಣ ಉಳಿಯಿತೆಂದು ಸಂತೋಷವಾಗಿ ಮುಗಿಸಿ ಎಂದು, ಇದನ್ನು ಬರೆಸುತ್ತಿರುವ ದೇವಸ್ಥಾನದ ಸಮಿತಿಯವರು ಹೇಳಿದ್ದಾರೆ. ಪ್ರಾಣ ಉಳಿದದ್ದು ನಿಜ. ಅದಕ್ಕೆ ನನ್ನ ಸಾಷ್ಟಾಂಗ ನಮಸ್ಕಾರ. ದೇವರು ಇದ್ದಾನೆ, ಕೇಳಿಸಿಕೊಳ್ಳುತ್ತಾನೆ ಎಂಬುದರಲ್ಲಿ ನನಗೆ ಈಗ ಎಳ್ಳಷ್ಟೂ ಸಂಶಯವಿಲ್ಲ. ಹಾಗಾಗಿಯೇ ಕೈಮುಗಿದು ಕೇಳಿಕೊಳ್ಳಲು ಈಗ ಹೆದರುತ್ತೇನೆ. ಕಷಾಯ ಕುಡಿದು ಗುಣವಾದವನು ಅದನ್ನು ಪಾಯಸವೆಂದು ಹೊಗಳಬೇಕಾಗಿಲ್ಲ.

ಕೊನೆಯಲ್ಲಿ ಒಂದು ಟಿಪ್ಪಣಿ. ಪಂದ್ಯದ ಹೊತ್ತನ್ನು ಖಚಿತಪಡಿಸಿಕೊಳ್ಳಲು, ಧನ್ಯಾಳ ಸಹಪಾಠಿ ಮೊಬೈಲಿನಲ್ಲಿ ತೆಗೆದ ವಿಡಿಯೋವನ್ನು ಮೊನ್ನೆ ತರಿಸಿಕೊಂಡೆ. ಧನ್ಯಾ ಅದನ್ನು ಈವರೆಗೆ ನೋಡಿಲ್ಲ, ನೋಡಲು ಅವಳಿಂದಾಗುವುದಿಲ್ಲ. ಮೂರನೆಯ ಸುತ್ತಿನಲ್ಲಿ, ರಿಂಗಿನ ಆಚೆ, ಹಿಂಬಾಗಿಲಲ್ಲಿ ಚಪ್ಪಲಿಗಳ ರಾಶಿಯ ಪಕ್ಕ ಒಬ್ಬ ಹೆಂಗಸು ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಿಂತಿದ್ದಾಳೆ. ಧನ್ಯಾಳಿಗೆ ಪೆಟ್ಟು ಬಿದ್ದಾಗ ಒಂದು ಹೆಜ್ಜೆ ಮುಂದೆ ಬರುತ್ತಾಳೆ. ಕಣ್ಣು ಮುಚ್ಚುವುದಿಲ್ಲ. ರೆಫರಿ ಕೈ ಎತ್ತುವ ಹೊತ್ತಿಗೆ ಬಾಗಿಲು ಖಾಲಿ. ಹಲವು ಬಾರಿ ನಿಲ್ಲಿಸಿ ನೋಡಿದೆ. ಸೀರೆಯೂ ನನಗೆ ಗೊತ್ತಿರುವುದೇ, ಮುಖವೂ.

ನನ್ನ ನೆನಪಿನಂತೆ ಆ ಹೊತ್ತಿನಲ್ಲಿ ಸುಮತಿ ದೇವಸ್ಥಾನದಲ್ಲಿದ್ದಳು. ಕೇಳಿದರೆ ಅವಳು ಹೇಳುವುದೂ ಅದನ್ನೇ. ವಿಡಿಯೋ ಹಾಗೆ ಹೇಳುವುದಿಲ್ಲ.