ಕೋಟೆ ಬಿಡದವಳು

ಗಣಿ ನಿಂತ ವರ್ಷ ಕುದುರೆಮುಖದ ಕ್ವಾರ್ಟರ್ಸುಗಳಿಗೆ ಒಂದೊಂದಾಗಿ ಬೀಗ ಬಿತ್ತು. ನಮ್ಮಪ್ಪನದು ದಿನಸಿ ಅಂಗಡಿ, ಕಂಪನಿ ಕೆಲಸವಲ್ಲ. ಹಾಗಾಗಿ ನಮಗೆ ವರ್ಗವೂ ಇಲ್ಲ, ಲಾರಿಯೂ ಇಲ್ಲ. ಹೋಗುವವರಿಗೆ ಸಾಮಾನು ಕಟ್ಟಲು ಹಗ್ಗ ಮಾರಿದ್ದೇ ಆ ವರ್ಷದ ವ್ಯಾಪಾರ.

ನಾವು ನಾಲ್ಕೈದು ಹುಡುಗಿಯರು ಒಂದು ಆಟ ಆಡುತ್ತಿದ್ದೆವು. ಗೆಳತಿಯೊಬ್ಬಳ ಅಣ್ಣ ಹಾಸ್ಟೆಲಿನಿಂದ ಕಲಿತು ಬಂದದ್ದು. ಒಬ್ಬಳು ಕಥೆ ಹೇಳಬೇಕು. ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗಿಳಿದು, ತಾವೀಗ ಏನು ಮಾಡುತ್ತೇವೆಂದು ಹೇಳಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಹಾಕಿ ತೀರ್ಮಾನಿಸುವುದು. ಕಥೆ ಹೇಳುವವಳು ಯಾವಾಗಲೂ ನಾನೇ. ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ, ಅಷ್ಟು ಜಂಬ ನನಗೆ.

ಒಬ್ಬೊಬ್ಬರೇ ಊರು ಬಿಟ್ಟ ಮೇಲೆ ಕೊನೆಗೆ ಆಟಕ್ಕೆ ಪಕ್ಕದ ಮನೆಯವಳೊಬ್ಬಳೇ ಉಳಿದಳು. ಅವಳ ಪಾತ್ರ ಒಬ್ಬ ಕಾವಲುಗಾರ್ತಿ. ಶತ್ರುಗಳು ಮುತ್ತಿದ ಕೋಟೆಯಲ್ಲಿ ಸಿಕ್ಕಿಬಿದ್ದಿದ್ದಳು. ಗೆಳತಿಯ ಅಪ್ಪನಿಗೂ ವರ್ಗವಾಗಿ, ಮಾರನೆಯ ದಿನ ಅವರ ಮನೆ ಸಾಮಾನಿಗೆ ಲಾರಿ ಬರುವುದಿತ್ತು. ಕಥೆಗೊಂದು ಚೆಂದದ ಮುಕ್ತಾಯ ಕೊಟ್ಟೇ ಅವಳನ್ನು ಕಳಿಸಬೇಕೆಂದು ಹಟ ಹಿಡಿದೆ. ಸುರಂಗ, ಆಚೆಗೊಂದು ಕುದುರೆ, ಸಮುದ್ರದವರೆಗೆ ದಾರಿ, ಎಲ್ಲ ತಯಾರು. ಕಥೆ ಚೆನ್ನಾಗಿ ಮುಗಿದರೆ ನನ್ನನ್ನು ಮರೆಯಲಾರಳು ಎಂಬ ಆಸೆ. ಬೇರೇನಿತ್ತು ನನ್ನ ಕೈಯಲ್ಲಿ?

ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ಕೂತು ಹೇಳಿದೆ: "ಸುರಂಗದ ಬಾಗಿಲು ತೆರೀತು. ಶತ್ರುಗಳೆಲ್ಲ ಮಲಗಿದ್ದಾರೆ. ಹೊರಡು."

"ನಾನು ಹೋಗಲ್ಲ."

"ಹೋಗಲ್ಲ ಅಂದ್ರೆ ಎಂತ? ಕುದುರೆ ಕಾಯ್ತಾ ಇದೆ!"

"ಕಾಯ್ಲಿ. ನಾನಿಲ್ಲೇ ಇರ್ತೀನಿ."

ಸಿಟ್ಟು ನೆತ್ತಿಗೇರಿತು. "ಎಂತ ಮಾರಾಯ್ತಿ ನೀನು! ಹಾಗಾದ್ರೆ ದಾಳ ಹಾಕು."

"ಇರೋಕೂ ದಾಳ ಬೇಕೇನೇ?" ಎಂದಳು. "ಈ ಕಾವಲುಗಾರ್ತೀನಾದ್ರೂ ಯಾರೂ ವರ್ಗ ಮಾಡಂಗಿಲ್ಲ."

ಅಲ್ಲಿಯವರೆಗೆ ನಾನು ಹೆಣೆದ ತಿರುವುಗಳೆಲ್ಲ ಆ ಒಂದು ಮಾತಿನ ಮುಂದೆ ಸಪ್ಪೆಯಾದವು. ಆಟದ ರುಚಿ ಇರುವುದೇ ಅಲ್ಲಿ ಎಂದು ಆಗ ತಿಳಿಯಿತು: ಹೇಳುವವಳು ಅಣಿ ಮಾಡಿಟ್ಟದ್ದನ್ನು ಆಡುವವಳು ಬೇಡ ಅಂದಾಗ ಕಥೆ ಅವಳದಾಗುತ್ತದೆ. ಇಬ್ಬರೂ ಅತ್ತೆವು.

ಬೆಳಿಗ್ಗೆ ಲಾರಿ ಹೋಯಿತು. ಗಿರಾಕಿಗಳಿಲ್ಲದ ಅಂಗಡಿಯಲ್ಲಿ ಸಂಜೆಹೊತ್ತು ಒಬ್ಬಳೇ ಕೂತು ಕಥೆ ಮುಂದುವರಿಸಲು ನೋಡುತ್ತಿದ್ದೆ. ಶತ್ರುಗಳು ಎಚ್ಚರವಾದರು, ಕೋಟೆಯ ಬಾಗಿಲು ಒಡೆಯುತ್ತಿದ್ದಾರೆ. "ಈಗ ಎಂತ ಮಾಡ್ತೀ?" ಎಂದು ಕೇಳಿ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಅದನ್ನು ಅವಳೇ ಹೇಳಬೇಕು. ಅವಳ ಬದಲು ನಾನು ಹೇಳುವಂತಿರಲಿಲ್ಲ.