ಬೊಟ್ಟಿಟ್ಟ ಗೇಮ್ ಪೆಟ್ಟಿಗೆ

ಗೆಳೆಯರೇ, ಇವತ್ತು ನಾನು ಆಡದೆಯೇ ಸೋತೆ. ಕ್ಯಾಸೆಟ್ ಹಾಕಿ ಆಡುವ ನಮ್ಮ ಬಾಲ್ಯದ ವಿಡಿಯೋ ಗೇಮಿಗೂ ಮನೆಯ ಹೊಸ ಎಲ್‌ಸಿಡಿ ಟಿವಿಗೂ ಜಾತಕ ಕೂಡುವುದಿಲ್ಲ, ಚಿತ್ರವೇ ಮೂಡುವುದಿಲ್ಲ. ನಡುವೆ ಹಳೆಯ ವಿಸಿಆರ್ ಇಟ್ಟು ಜೋಡಿಸುವುದೇ ಸುಲಭದ ದಾರಿ ಎಂದು ಪಕ್ಕದ ಕುರಿಚಿ ಊರಿನ ಮೆಕ್ಯಾನಿಕ್ ಹೇಳಿದರು. ನಿನ್ನೆ ಜೋಡಿಸಿದೆ, ಚಿತ್ರ ಬಂತು. ಸೇನೆಯಲ್ಲಿರುವ ತಮ್ಮ ಇವತ್ತು ಸಂಜೆಯ ರೈಲಿಗೆ ಹೊರಡುವ ಮುನ್ನ ಒಂದಾಟ ಆಡೋಣವೆಂದು ಮಾತಾಗಿತ್ತು. ಮತ್ತೆ ಅವನಿಗೆ ರಜೆ ಸಿಗುವುದು ಮುಂದಿನ ವರ್ಷ.

ಬೆಳಿಗ್ಗೆ ಎದ್ದರೆ ಆಯುಧಪೂಜೆ. ಸುತ್ತಿಗೆ, ಸ್ಪ್ಯಾನರ್, ಹೊಲಿಗೆ ಯಂತ್ರಗಳ ಸಾಲಿನಲ್ಲಿ ಗೇಮ್ ಪೆಟ್ಟಿಗೆಯನ್ನೂ ವಿಸಿಆರನ್ನೂ ಕೂರಿಸಿ ಅಮ್ಮ ಚಂದನ, ಕುಂಕುಮ ಇಟ್ಟಾಗಿತ್ತು.

"ಒಂದೇ ಒಂದು ಆಟ ಅಮ್ಮ."

"ಸಾಮಿ ಮುಂದೆ ಇಟ್ಟ ಸಾಮಾನು ನಾಳೆ ಬೆಳಿಗ್ಗೆ ತನಕ ಮುಟ್ಟಬಾರ್ದು ಕಂದ."

"ತಮ್ಮ ಸಂಜೆಗೇ ಹೋಗ್ತಾನಲ್ಲ?"

"ಅದಕ್ಕೇ ಅವನ್ಗೂ ಒಂದು ಬೊಟ್ಟಿಟ್ಟಿದೀನಿ."

ತಮ್ಮ ಆ ಬೊಟ್ಟಿನೊಂದಿಗೇ ರೈಲು ಹತ್ತಿದ. ಇಷ್ಟು ವರ್ಷ ಆ ಪೆಟ್ಟಿಗೆಯನ್ನು ಕೆಲಸಕ್ಕೆ ಬಾರದ್ದೆಂದು ಬೈಯುತ್ತಿದ್ದ ಅಮ್ಮ ಕೊನೆಗೂ ಅದನ್ನು ಕಸುಬಿನ ಸಾಮಾನೆಂದು ಒಪ್ಪಿಕೊಂಡರು. ಒಪ್ಪಿಕೊಂಡ ದಿನವೇ ಅದಕ್ಕೆ ರಜೆಯನ್ನೂ ಕೊಟ್ಟರು.