ಬೇಡಪ್ಪ ‘ಹ್ಞೂಂ’ ಅಂದ ಗಾಡಿ

ಬೆಳಿಗ್ಗೆ ಐದೂಮುಕ್ಕಾಲು. ಮೂರಂತಸ್ತಿನ ಮನೆಯ ಗೇಟಿನೊಳಗೆ, ಕಾರಿಗೂ ಕಾಂಪೌಂಡ್ ಗೋಡೆಗೂ ನಡುವೆ, ಎತ್ತರದ ಬೈಕೊಂದು ನಿಂತಿದೆ. ಟಾರು ರಸ್ತೆಗೂ ಮಣ್ಣು ದಾರಿಗೂ ಆಗುವಂಥದ್ದು, ತೀರಾ ದೊಡ್ಡದಲ್ಲ, ಸಣ್ಣದೂ ಅಲ್ಲ. ಮಾಲೀಕರು ತೊಳೆದು ಒರೆಸಿ ಫಳಫಳ ಮಾಡಿಟ್ಟಿದ್ದಾರೆ. ಕೊಳ್ಳಲು ಬಂದ ನರ್ಸ್ ಅದನ್ನು ನೋಡಿದ್ದೇ ತಡ, ಮನಸ್ಸು ಕೊಟ್ಟೇಬಿಟ್ಟಿದ್ದಾರೆ. ಅವರ ಜೊತೆ ಬಂದಿರುವ ಮಾಸಿದ ನೀಲಿ ಅಂಗಿಯ ಮನುಷ್ಯ ಮಾತ್ರ ಬೈಕಿನ ಅಂದಚೆಂದದ ಕಡೆ ಕಣ್ಣೂ ಹಾಯಿಸುವುದಿಲ್ಲ. ನೇರವಾಗಿ ಹೋಗಿ, ಕುಕ್ಕರಗಾಲಲ್ಲಿ ಕೂತು, ಇಂಜಿನ್ ಮೇಲೆ ಅಂಗೈ ಇಡುತ್ತಾರೆ. ಮಗುವಿಗೆ ಜ್ವರ ಇದೆಯಾ ಅಂತ ನೋಡುವವರ ಹಾಗೆ.

ಇಂಜಿನ್ ಬೆಚ್ಚಗಿದೆ.

"ಆಗ್ಲೇ ಸ್ಟಾರ್ಟ್ ಮಾಡಿದ್ರಾ ಸಾರ್?"

"ಹ್ಞಾಂ, ಸುಮ್ನೆ ಒಂದೈದು ನಿಮಿಷ. ನಿಮಗೆ ಕಾಯೋದು ಬೇಡ ಅಂತ," ಅನ್ನುತ್ತಾರೆ ಮಾಲೀಕರು.

"ಇಷ್ಟೊಂದು ಪ್ರೀತಿ ತೋರಿಸಿದ್ರೆ ನನಗೆ ಹೆದರಿಕೆ ಆಗುತ್ತೆ ಸಾರ್." ಎದ್ದು ನಿಂತು, ಕೈ ಒರೆಸಿಕೊಂಡು, ನರ್ಸ್ ಕಡೆ ತಿರುಗುತ್ತಾರೆ. "ಬೇಡಮ್ಮ ಇದು."

ಅಷ್ಟೇ. ನೋಡಲು ಬಂದಿದ್ದೂ ಆಯಿತು, ಹೊರಟಿದ್ದೂ ಆಯಿತು. ನರ್ಸ್ ಮುಖ ಸಪ್ಪಗಾಗಿದೆ. ಒಂದೇ ವಾರದಲ್ಲಿ ಇದು ಮೂರನೇ ‘ಬೇಡ’.

ಈ ಮನುಷ್ಯನನ್ನು ಹಳೇ ಗಾಡಿ ಮಾರುವ ಅಂಗಡಿಗಳ ಸಾಲಿನಲ್ಲಿ ಎಲ್ಲರೂ ಕರೆಯುವುದು ಬೇಡಪ್ಪ ಅಂತ. ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಯಾವ ಗಾಡಿ ತೋರಿಸಿದರೂ "ಬೇಡಪ್ಪಾ" ಅನ್ನುತ್ತಾರೆ ಅಂತ ಹೊಟ್ಟೆ ಉರಿದುಕೊಂಡ ದಲ್ಲಾಳಿಗಳು ಇಟ್ಟಿದ್ದು. ಕೊಂಕಿಗೆ ಇಟ್ಟ ಹೆಸರು ಈಗ ಎಷ್ಟೋ ಜನರ ಫೋನಿನಲ್ಲಿ ಗೌರವದಿಂದ ಕೂತಿದೆ. ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವವರ ಜೊತೆ ಹೋಗಿ, ಗಾಡಿ ನೋಡಿ, ತಗೋಬಹುದೋ ಬಾರದೋ ಹೇಳುವುದು ಇವರ ಕೆಲಸ. ‘ಬೇಡ’ ಅಂದರೂ ‘ಹ್ಞೂಂ’ ಅಂದರೂ ಕೂಲಿ ಒಂದೇ. ಮಾರುವವರ ಮನೆಯಲ್ಲಿ ಕಾಫಿಯನ್ನೂ ಕುಡಿಯುವುದಿಲ್ಲ.

"ರಾತ್ರಿಯೆಲ್ಲ ನಿಂತ ಇಂಜಿನ್ ಬೆಳಿಗ್ಗೆ ತಣ್ಣಗಿರುತ್ತಲ್ಲ, ಆಗ ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ," ಎಂದು ವಿವರಿಸುತ್ತಾರೆ. "ಸ್ಟಾರ್ಟ್ ಆಗೋಕೆ ಒದ್ದಾಡುತ್ತೆ, ಹೊಗೆ ಬಿಡುತ್ತೆ, ಕಟಕಟ ಅನ್ನುತ್ತೆ. ಒಂದ್ಸಲ ಬಿಸಿಯಾಯ್ತು ಅಂದ್ರೆ ನೆಂಟರು ಬಂದಾಗ ಮನೆಯವರು ಇರ್ತಾರಲ್ಲ, ಹಂಗೆ. ಎಲ್ಲ ನಗುನಗುತಾ."

ಹಾಗಾಗಿ ಇವರ ದಿನ ಬೆಳಕು ಹರಿಯುವ ಮುಂಚೆ ಶುರು. ಗಾಡಿಗಳು ತಣ್ಣಗಿರುವ ಆ ಒಂದೆರಡು ಗಂಟೆಯಲ್ಲಿ ಎರಡು ನೋಡಿದರೆ ಹೆಚ್ಚು. ವಾರಕ್ಕೆ ಹತ್ತು ಗಾಡಿ ನೋಡಿದರೆ ಎಂಟಕ್ಕೆ ‘ಬೇಡ’. ನಾನೋ, ಬಣ್ಣ ಚೆನ್ನಾಗಿದೆ ಅಂತ ಗಾಡಿ ಕೊಂಡು, ಮೂರು ತಿಂಗಳು ಅದನ್ನು ತಳ್ಳಿಕೊಂಡು ಓಡಾಡಿದವನು. ಇವರ ಬಗ್ಗೆ ಬರೆಯಲೆಂದು ನಾಲ್ಕು ದಿನ ಹಿಂದೆ ತಿರುಗಿದ್ದಕ್ಕೆ ಆ ಸಂಕಟವೂ ಒಂದು ಕಾರಣ.

ನರ್ಸ್ ಕಥೆ ಬೇರೆ. ಅವರಿಗೆ ಬೈಕು ಶೋಕಿಗಲ್ಲ. ಸೋಮವಾರದಿಂದ ಅವರನ್ನು ಗುಡ್ಡದ ಮೇಲಿನ ಐದು ಊರುಗಳಿಗೆ ಹಾಕಿದ್ದಾರೆ. ಮಕ್ಕಳಿಗೆ ಲಸಿಕೆ ಕೊಡುವ ಕೆಲಸ. ಹೋಗಲು ಮೂವತ್ತೆಂಟು ಕಿಲೋಮೀಟರ್. ಅದರಲ್ಲಿ ಟಾರು ಕಂಡಿರುವುದು ಹದಿನಾಲ್ಕು, ಮಿಕ್ಕಿದ್ದೆಲ್ಲ ಜಲ್ಲಿ, ಮಣ್ಣು. ಮೊದಲಿದ್ದವರು ಸ್ಕೂಟರಿನಲ್ಲಿ ಬಿದ್ದು ಕಾಲು ಮುರಿದುಕೊಂಡ ಮೇಲೆ ನಾಲ್ಕು ತಿಂಗಳಿಂದ ಅಲ್ಲಿಗೆ ಯಾರೂ ಹೋಗಿಲ್ಲ.

"ಹಿಂದುಗಡೆ ಐಸ್ ಹಾಕಿದ ಬಾಕ್ಸ್ ಇರುತ್ತೆ. ಅರ್ಧ ದಾರೀಲಿ ಗಾಡಿ ಕೈ ಕೊಟ್ಟು ನಾನು ಅಲ್ಲೇ ಸಿಕ್ಕಿಹಾಕ್ಕೊಂಡ್ರೆ ಬಾಕ್ಸ್ ಬಿಸಿಯಾಗುತ್ತೆ. ಔಷಧಿಯೆಲ್ಲ ಚೆಲ್ಲಬೇಕು. ಮಕ್ಕಳನ್ನ ಎತ್ಕೊಂಡು ಕಾಯ್ತಿರೋ ತಾಯಂದಿರಿಗೆ ಏನಂತ ಹೇಳ್ಲಿ?" ಅನ್ನುತ್ತಾರೆ ನರ್ಸ್. ಕೂಡಿಟ್ಟದ್ದು ಒಂದೇ ಒಂದು ಬೈಕಿಗಾಗುವಷ್ಟು. ತಪ್ಪಿದರೆ ಇನ್ನೊಂದಕ್ಕೆ ದಾರಿಯಿಲ್ಲ. ಅವತ್ತು ಶುಕ್ರವಾರ.

ಬೇಡಪ್ಪ ಇಪ್ಪತ್ತೆರಡು ವರ್ಷ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಹಳೇ ಗಾಡಿಗಳನ್ನು ಮಾರಾಟಕ್ಕೆ ಸಿಂಗರಿಸುವುದೂ ಅಲ್ಲಿನ ಕೆಲಸವೇ. "ಇಂಜಿನ್ ಸವೆದು ಸದ್ದು ಮಾಡ್ತಿದ್ರೆ ದಪ್ಪ ಆಯಿಲ್ ಹಾಕ್ತಿದ್ದೆ. ಸ್ವಲ್ಪ ದಿನ ಬಾಯಿ ಮುಚ್ಕೊಂಡಿರುತ್ತೆ. ಅದರಲ್ಲಿ ನಂದು ಎತ್ತಿದ ಕೈ," ಎಂದು ಹೇಳುವಾಗ ಅವರು ನನ್ನ ಮುಖ ನೋಡುವುದಿಲ್ಲ. ಹಾಗೆ ಬಾಯಿ ಮುಚ್ಚಿಸಿದ ಗಾಡಿಯೊಂದನ್ನು ಕೊಂಡವನು ಎಂಟೇ ದಿನಕ್ಕೆ ಅದನ್ನು ಹನ್ನೊಂದು ಕಿಲೋಮೀಟರ್ ತಳ್ಳಿಕೊಂಡು ವಾಪಸ್ ಬಂದ. ಜೊತೆಗೆ ನಡೆದುಕೊಂಡು ಬಂದ ಹೆಂಡತಿ, ಅವಳ ಹೆಗಲ ಮೇಲೆ ನಿದ್ದೆ ಹೋದ ಮಗು.

"ಬೈದಿದ್ರೆ ಚೆನ್ನಾಗಿರ್ತಿತ್ತು ಸಾರ್. ಏನೂ ಅನ್ನಲಿಲ್ಲ. ಗಾಡಿ ನಿಲ್ಲಿಸಿ, ಕುಡಿಯೋಕೆ ನೀರು ಕೇಳಿದ."

ಆ ತಿಂಗಳೇ ಕೆಲಸ ಬಿಟ್ಟು, ಕೊಳ್ಳುವವರ ಪರವಾಗಿ ಗಾಡಿ ನೋಡಿಕೊಡಲು ನಿಂತರು. ಮುಂದಿನ ಒಂದು ವರ್ಷ ಯಾರೂ ಕರೆಯಲಿಲ್ಲ. ಮನೆ ನಡೆದದ್ದು ಹೆಂಡತಿಯ ಹೊಲಿಗೆ ಮೆಷೀನಿನ ಮೇಲೆ. ದಲ್ಲಾಳಿಗಳು ಇವರನ್ನು ಕಂಡರೆ ಶೆಟರ್ ಎಳೆಯುತ್ತಿದ್ದರು. ಒಬ್ಬನಂತೂ ಕುತ್ತಿಗೆಪಟ್ಟಿಗೆ ಕೈ ಹಾಕಿದ. ಹರಿದ ಪಟ್ಟಿಯನ್ನು ಹೆಂಡತಿ ಎಷ್ಟು ನಾಜೂಕಾಗಿ ಹೊಲಿದಿದ್ದಾರೆಂದರೆ, ಆ ನೀಲಿ ಅಂಗಿಯಲ್ಲಿ ಅದು ಎಲ್ಲಿ ಹರಿದಿತ್ತೆಂದು ಹುಡುಕಿದರೂ ಸಿಗುವುದಿಲ್ಲ. "ಹೊರಗಡೆ ಎಲ್ಲರಿಗೂ ಬೇಡ ಬೇಡ ಅಂತಾರೆ. ಮನೇಲಿ ಏನು ಬಡಿಸಿದ್ರೂ ಬೇಡ ಅನ್ನಲ್ಲ, ಅದೇ ನನ್ನ ಪುಣ್ಯ," ಎಂದು ಹೆಂಡತಿ ನಗುತ್ತಾರೆ.

ಶನಿವಾರ ನೋಡಿದ ಗಾಡಿಯ ಚಾಸಿ ನಂಬರಿಗೂ ಕಾಗದಕ್ಕೂ ತಾಳೆಯಿಲ್ಲ. ಬೇಡಮ್ಮ. ನರ್ಸ್ ಅಳುವುದೊಂದು ಬಾಕಿ. "ಯಾವುದಾದ್ರೂ ಒಂದಕ್ಕೆ ಹ್ಞೂಂ ಅನ್ನಿ ಅಣ್ಣಾ, ನಾಳೆ ಒಂದೇ ದಿನ ಇರೋದು!" ಅಂದದ್ದಕ್ಕೆ ಬೇಡಪ್ಪ ಫೋನು ತೆಗೆದು, ಒಂದು ಕಾಲದಲ್ಲಿ ತಮ್ಮನ್ನು ಬೈದಿದ್ದ ದಲ್ಲಾಳಿಗಳಿಗೇ ಒಬ್ಬೊಬ್ಬರಾಗಿ ಫೋನ್ ಮಾಡತೊಡಗುತ್ತಾರೆ. ಆರನೆಯವನು, ಗೊಣಗಿಕೊಂಡೇ, ಒಂದು ವಿಳಾಸ ಕೊಡುತ್ತಾನೆ.

ಭಾನುವಾರ ಬೆಳಿಗ್ಗೆ ಆರು ಗಂಟೆ. ನಿವೃತ್ತ ಡ್ರಾಯಿಂಗ್ ಮೇಷ್ಟರ ಮನೆ. ಬೈಕಿನ ಬಣ್ಣ ಬಿಸಿಲಿಗೆ ಮಾಸಿದೆ, ಸೀಟು ಎರಡು ಕಡೆ ಹರಿದಿದೆ. ನರ್ಸ್‌ಗೆ ನೋಡಿದರೇ ಬೇಜಾರು. ಬೇಡಪ್ಪ ಅಂಗೈ ಇಡುತ್ತಾರೆ. ಇಂಜಿನ್ ತಣ್ಣಗೆ, ಕಲ್ಲಿನ ಹಾಗಿದೆ. ಬಟನ್ ಒತ್ತಿದರೆ ಎರಡನೇ ಸಲಕ್ಕೆ ಸ್ಟಾರ್ಟ್. ಸೈಲೆನ್ಸರ್ ಹತ್ತಿರ ಮುಖ ತಂದು ಹೊಗೆ ಮೂಸುತ್ತಾರೆ. ಸ್ಪ್ಯಾನರ್ ತೆಗೆದು ಚಕ್ರದ ಒಂದೊಂದೇ ಕಡ್ಡಿಗೆ ತಟ್ಟುತ್ತಾ ಹೋಗುತ್ತಾರೆ: ಟಿಣ್, ಟಿಣ್, ಟಿಣ್, ಡಬ್. "ಇದು ಸಡಿಲ." ಹಾಗೆ ಮೂರು ಸಿಗುತ್ತವೆ. ಚೈನ್ ಸವೆದಿದೆ ಅನ್ನುತ್ತಾರೆ. ಕಲ್ಲು ಬಡಿಯದಂತೆ ಇಂಜಿನ್ ಕೆಳಗೆ ಹಾಕಿರುವ ಕಬ್ಬಿಣದ ತಟ್ಟೆ ನೋಡಲು ನೆಲದ ಮೇಲೆ ಉದ್ದಕ್ಕೆ ಮಲಗುತ್ತಾರೆ. ಏಳುವಾಗ ಮಂಡಿ ಹಿಡಿದುಕೊಂಡು "ಅಯ್ಯಪ್ಪಾ" ಅನ್ನುವುದು ಗಾಡಿಗೋ ಮಂಡಿಗೋ ನಮಗೆ ತಿಳಿಯುವುದಿಲ್ಲ.

ಆಮೇಲೆ ಅವರು ಚೀಲದಿಂದ ಹಳೇ ಗೋಣಿತಾಟು ತೆಗೆದು ನೆಲಕ್ಕೆ ಹಾಸಿ, ಬೈಕನ್ನು ಮೆಲ್ಲಗೆ ಅದರ ಮೇಲೆ ಮಲಗಿಸುತ್ತಾರೆ.

"ಅಯ್ಯೋ! ಏನ್ರೀ ಮಾಡ್ತಿದೀರಾ!" ಮೇಷ್ಟರು ಓಡಿಬರುತ್ತಾರೆ.

"ಏನೂ ಆಗಲ್ಲ ಸಾರ್. ಇದು ಗಾಡಿಗಿಟ್ಟ ಪರೀಕ್ಷೆ ಅಲ್ಲ." ನರ್ಸ್ ಕಡೆ ತಿರುಗುತ್ತಾರೆ. "ಎತ್ತಿ ಸಿಸ್ಟರ್. ಒಬ್ಬರೇ."

ನರ್ಸ್ ಬೇಡಪ್ಪನ ಭುಜಕ್ಕೂ ಬರುವುದಿಲ್ಲ. ಬೈಕೋ, ಅವರ ಮೂರರಷ್ಟು ತೂಕ. ಹ್ಯಾಂಡಲ್ ಹಿಡಿದು ಎಳೆಯುತ್ತಾರೆ, ಅಲ್ಲಾಡುವುದಿಲ್ಲ. ಮತ್ತೆ ಎಳೆಯುತ್ತಾರೆ. ಕೆನ್ನೆ ಕೆಂಪಾಗುತ್ತದೆ. ಸಹಾಯಕ್ಕೆ ಹೋಗಲಿದ್ದ ನನ್ನನ್ನು ಬೇಡಪ್ಪ ಕಣ್ಣಲ್ಲೇ ಗದರಿಸುತ್ತಾರೆ.

"ಕೈಯಿಂದ ಅಲ್ಲಮ್ಮಾ, ಕಾಲಿಂದ. ಅದಕ್ಕೆ ಬೆನ್ನು ಕೊಟ್ಟು ಕೂತ್ಕೊಳ್ಳಿ. ಒಂದು ಕೈ ಹ್ಯಾಂಡಲ್‌ಗೆ, ಒಂದು ಕೈ ಸೀಟಿನ ಹತ್ರದ ಕಂಬಿಗೆ. ಈಗ ಕಾಲು ಊರಿ, ಹಿಂದಕ್ಕೆ ಸಣ್ಣಸಣ್ಣ ಹೆಜ್ಜೆ ಇಡಿ."

ಮೂರನೇ ಸಲಕ್ಕೆ ಬೈಕು ನಡುಗುತ್ತಾ, ಇಷ್ಟಿಷ್ಟೇ ಮೇಲೆದ್ದು ನಿಲ್ಲುತ್ತದೆ. ನರ್ಸ್‌ಗೆ ಉಸಿರೇ ಬರುತ್ತಿಲ್ಲ. ಮೇಷ್ಟರು ತಮ್ಮ ಗಾಡಿ ಅನ್ನುವುದನ್ನೂ ಮರೆತು ಚಪ್ಪಾಳೆ ತಟ್ಟುತ್ತಾರೆ.

"ಗುಡ್ಡದ ದಾರೀಲಿ ಬೀಳದೆ ಇರೋರು ಯಾರೂ ಇಲ್ಲ. ಬಿದ್ದಾಗ ಎತ್ತೋಕೆ ಜನ ಇರ್ತಾರೆ ಅಂತ ನಂಬಿ ಗಾಡಿ ತಗೋಬಾರ್ದು," ಎಂದು ಬೇಡಪ್ಪ ಗೋಣಿತಾಟು ಮಡಿಸುತ್ತಾರೆ. ನಾವೆಲ್ಲ ಅವರ ಬಾಯಿ ನೋಡುತ್ತಾ ನಿಂತಿದ್ದೇವೆ.

"ಹ್ಞೂಂ," ಅನ್ನುತ್ತಾರೆ.

ಅವತ್ತು ಮಧ್ಯಾಹ್ನವೆಲ್ಲ ಕೂತು ಮೂರು ಕಡ್ಡಿ ಬಿಗಿದು, ಹೊಸ ಚೈನ್ ಹಾಕಿಕೊಟ್ಟರು. ಹೊರಡುವಾಗ ನರ್ಸ್‌ಗೆ ಒಂದೇ ಮಾತು: "ಕೊನೇ ಊರು ತಲುಪಿದ ಮೇಲೆ ಮೂರು ರಿಂಗ್ ಕೊಟ್ಟು ಕಟ್ ಮಾಡಿ. ತೊಂದರೆ ಆಗಿದ್ರೆ ಮಾತ್ರ ಬಿಡದೆ ರಿಂಗ್ ಮಾಡಿ, ನಾನು ಎತ್ತುತೀನಿ." ‘ಹ್ಞೂಂ’ ಅನ್ನಿಸಿಕೊಂಡ ಎಲ್ಲರಿಗೂ ಇದೇ ಕರಾರು.

"ಬೇಡ ಅಂದ್ರೆ ನನ್ನ ಕೆಲಸ ಅಲ್ಲಿಗೆ ಮುಗೀತು ಸಾರ್. ಹ್ಞೂಂ ಅಂದಾಗಲೇ ಕಷ್ಟ. ಅದು ಸರಿಯಾಗಿ ಓಡ್ತಿದೆ ಅಂತ ಗೊತ್ತಾಗೋವರೆಗೂ ಕೈಗೆ ಬೇರೆ ಕೆಲಸ ಹತ್ತಲ್ಲ," ಎಂದು ನನಗೆ ಹೇಳಿದರು.

ಸೋಮವಾರ ಹತ್ತು ಗಂಟೆಗೆ ನಾನು ಅವರ ಮನೆಯಲ್ಲಿದ್ದೇನೆ. ಒಂದೇ ಕೋಣೆ, ಕಿಟಕಿ ಪಕ್ಕ ಹೊಲಿಗೆ ಮೆಷೀನು, ಅದರ ಮೇಲೆ ಫೋನು. ನರ್ಸ್ ಮೊದಲು ನೇರ ಕೊನೇ ಊರಿಗೇ ಹೋಗಿ, ಹತ್ತಕ್ಕೆಲ್ಲ ತಲುಪಬೇಕಿತ್ತು. ಹತ್ತೂಕಾಲಾಗುತ್ತದೆ. ಬೇಡಪ್ಪ ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಿದ್ದಾರೆ. ಹತ್ತೂವರೆ. ಹೆಂಡತಿ ಮೆಷೀನ್ ತುಳಿಯುವುದನ್ನು ನಿಲ್ಲಿಸಿದ್ದಾರೆ, ಸದ್ದಿಗೆ ರಿಂಗ್ ಕೇಳಿಸದೆ ಹೋದೀತು ಅಂತ.

ಹತ್ತೂ ಮೂವತ್ತೆಂಟಕ್ಕೆ ಫೋನು ಬಡಿದುಕೊಳ್ಳುತ್ತದೆ. ಒಂದು. ಎರಡು. ಮೂರು. ಈಗ ಕಟ್ ಆಗಬೇಕು.

ನಾಲ್ಕು.

ಬೇಡಪ್ಪ ಆಗಲೇ ಎದ್ದು, ಒಂದು ಕೈಯಲ್ಲಿ ಸಾಮಾನಿನ ಚೀಲ ಎತ್ತಿಕೊಂಡು, ಇನ್ನೊಂದರಲ್ಲಿ ಫೋನು ಹಿಡಿದಿದ್ದಾರೆ.

"ಎಲ್ಲಿದೀರಾ ಸಿಸ್ಟರ್? ಏನಾಯ್ತು?"

"ತಲುಪಿದೆ ಅಣ್ಣಾ!" ಫೋನಿನಲ್ಲಿ ಮಕ್ಕಳ ಗಲಾಟೆ, ಅದರ ಮೇಲೆ ನರ್ಸ್ ಧ್ವನಿ. "ಕಟ್ ಮಾಡಬೇಕಿತ್ತು, ಮನಸ್ಸಾಗಲಿಲ್ಲ. ದಾರೀಲಿ ಒಂದ್ಸಲ ಬಿದ್ದೆ."

"ಏಟಾಯ್ತಾ? ಬಾಕ್ಸು?"

"ಏನೂ ಆಗಿಲ್ಲ. ಬಾಕ್ಸ್ ತಣ್ಣಗಿದೆ. ಸುತ್ತಮುತ್ತ ಒಂದು ನರಪಿಳ್ಳೆಯೂ ಇರಲಿಲ್ಲ ಅಣ್ಣಾ."

ಬೇಡಪ್ಪ ಫೋನನ್ನು ಮೆಷೀನಿನ ಮೇಲೆ ವಾಪಸ್ ಇಡುತ್ತಾರೆ. ಚೀಲ ಕೆಳಗಿಡಲು ಅವರಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಹೆಂಡತಿ, "ಏನಂತ್ರೀ?" ಅನ್ನುತ್ತಾರೆ.

"ಹುಡುಗಿ ಬಿದ್ದಳಂತೆ ಕಣೇ," ಅನ್ನುತ್ತಾರೆ ಬೇಡಪ್ಪ. "ಅವಳೇ ಎತ್ಕೊಂಡಳಂತೆ."